ಥಂಬ್‌ನೇಲಿನಿಂದ ಇಳಿದ ಆನೆ

ಗೆಳೆಯರೇ, ಇವತ್ತು ಬೆಳಿಗ್ಗೆ ಬಣಕಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯಲು ಒಬ್ಬರೂ ತೋಟಕ್ಕೆ ಇಳಿಯಲಿಲ್ಲ. ಕಾರಣ ನಾನು.

ಆ ಎಸ್ಟೇಟಿನ ಹೋಂಸ್ಟೇಗೆ ವಿಡಿಯೋ ಮಾಡಿ ನಿನ್ನೆ ನೆಟ್ಟಿಗೆ ಏರಿಸಿದ್ದೆ. ವಿಡಿಯೋ ಓಡುವ ಮೊದಲು ಕಾಣುವ ಚಿತ್ರವನ್ನು, ಅಂದರೆ ಥಂಬ್‌ನೇಲನ್ನು, ನಾನು ಬಳಸುವ ಸೈಟಿನಲ್ಲಿ ನಾವಾಗಿ ಹಾಕುವಂತಿಲ್ಲ. ವಿಡಿಯೋದ ನಟ್ಟನಡುವಿನ ದೃಶ್ಯವನ್ನು ಸೈಟೇ ಎತ್ತಿಕೊಳ್ಳುತ್ತದೆ. ಜನರ ಕಣ್ಣಿಗೆ ಬೀಳಲೆಂದು ಸರಿಯಾಗಿ ಆ ಜಾಗಕ್ಕೆ, ಬೇರೆಲ್ಲೋ ತೆಗೆದಿದ್ದ ಒಂಟಿ ಸಲಗದ ಫೋಟೋ ತೂರಿಸಿದ್ದೆ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆ ವಿಡಿಯೋವನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆರೆದಿದ್ದಾರೆ. ನೆಟ್ ನಿಧಾನ, ವಿಡಿಯೋ ಓಡಲೇ ಇಲ್ಲ. ಅವರಿಗೆ ಕಂಡದ್ದು ಆನೆ, ಕೆಳಗೆ ತೋಟದ ಹೆಸರು. ಸಂಜೆಯೊಳಗೆ ಕೂಲಿಯವರ ಮನೆಸಾಲು, ಲೈನಿಗೆಲ್ಲ ಸುದ್ದಿ.

"ಹಣ್ಣೆಲ್ಲ ಉದುರ್ತಾ ಇದೆ ಮಾರಾಯ, ನೀನೇ ಬಂದು ಹೇಳು," ಎಂದು ತೋಟದ ಸಾಹುಕಾರರು ಫೋನ್ ಮಾಡಿದರು. ಬೈಕ್ ಹತ್ತಿದೆ.

ಆ ಆನೆ ಇಲ್ಲಿಯದಲ್ಲ ಎಂದು ಎಲ್ಲರಿಗೂ ಹೇಳಿದೆ. ಕೂಲಿಯವರ ಮೇಸ್ತ್ರಿ ಮೆಲ್ಲಗೆ ಅಂದರು, "ಇಲ್ಲ ಅಂದ್ರೆ ಒಳ್ಳೇದೇ ಆಯ್ತು. ನೀವು ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ."

ನಡೆದೆ. ಗಿಡಗಳ ಮರೆಯಲ್ಲಿ ಒಣ ಕೊಂಬೆ ಮುರಿದ ಸದ್ದಾಯಿತು. ಆ ಆನೆಯನ್ನು ತೋಟಕ್ಕೆ ತಂದವನೇ ನಾನು. ಆದರೂ ಮೊದಲು ತಿರುಗಿ ಓಡಿದವನೂ ನಾನೇ.

ಸದ್ದು ಮಾಡಿದ್ದು ಮೇಯಲು ಬಂದ ದನ. ಆದರೆ ಆನೆ ಇಲ್ಲ ಎಂದವನೇ ಓಡಿಬಂದ ಮೇಲೆ ಯಾರು ನಂಬುತ್ತಾರೆ? ನಾಳೆಯೂ ಕೊಯ್ಲಿಗೆ ಯಾರೂ ಬರುವುದಿಲ್ಲವಂತೆ.

ವಿಡಿಯೋವನ್ನು ಮಾತ್ರ ಇನ್ನೂ ಯಾರೂ ನೋಡಿಲ್ಲ.