ತಗಡುಮರಿಯ ದನಿ

ಹೊಲಿಗೆ ಅಂಗಡಿಯಲ್ಲಿ ಕಿಟಕಿ ಪರದೆಗಳ ಅಂಚು ಮಡಿಸುತ್ತಿದ್ದ ಅವಳಿಗೆ ಗುಬ್ಬಿ ಅಂತ ಹೆಸರಿಟ್ಟವಳು ಅಕ್ಕ. ಮನೆಯವರು ಬಿಟ್ಟರೆ ಬೇರೆ ಯಾರೂ ಹಾಗೆ ಕರೆಯುತ್ತಿರಲಿಲ್ಲ.

ಅಕ್ಕನ ಕಸುಬು ಬೇರೆ. ಟೀವಿಯಲ್ಲಿ ಮಕ್ಕಳಿಗಾಗಿ ಬರುತ್ತಿದ್ದ ಆಕಾಶಹಡಗಿನ ಧಾರಾವಾಹಿಯಲ್ಲಿ ತಗಡುಮರಿ ಎಂಬ ಯಂತ್ರನಾಯಿ ಇತ್ತು. ಕಂತಿಗೆ ಎರಡು ಮಾತಾಡಿ ಮೂಲೆ ಸೇರುವ ಪಾತ್ರ. ಅದರ ದನಿ ಅಕ್ಕನದು. ಮಕ್ಕಳು ಕ್ಯಾಪ್ಟನ್ನನ್ನು ಮರೆತು ನಾಯಿಗೆ ಮರುಳಾದರು. ಸರಿ, ನಾಯಿಯದೇ ಬೇರೆ ಧಾರಾವಾಹಿ ಮಾಡೋಣ ಅಂತ ಚಾನೆಲ್‌ನವರು ಹೊರಟರು. ಅಷ್ಟರಲ್ಲಿ ಜ್ವರ ಅಂತ ಮಲಗಿದ ಅಕ್ಕ ಮತ್ತೆ ಏಳಲಿಲ್ಲ.

ಅಕ್ಕತಂಗಿಯರ ದನಿ ಒಂದೇ ಅಚ್ಚಿನದು. ಫೋನಿನಲ್ಲಿ ಭಾವನೇ ಎಷ್ಟೋ ಸಲ ಏಮಾರಿದ್ದ. ಹಾಗಾಗಿ ಅವಕಾಶ ಗುಬ್ಬಿಯನ್ನು ಹುಡುಕಿಕೊಂಡು ಬಂತು. ಭಾವನದು ಊರೂರು ತಿರುಗುವ ಕೆಲಸವಾದ್ದರಿಂದ ಅಕ್ಕನ ಪುಟ್ಟ ಮಗಳು ಗುಬ್ಬಿಯ ಮಡಿಲಲ್ಲೇ ಬೆಳೆಯುತ್ತಿದ್ದಳು. ಅವಳಿಗಾಗಿಯಾದರೂ ಮಾಡೋಣ ಅಂತ ಒಪ್ಪಿಕೊಂಡಳು.

ರೆಕಾರ್ಡಿಂಗ್ ಕೋಣೆಯ ಗೋಡೆಗೆಲ್ಲ ದಪ್ಪ ಸ್ಪಂಜು. ಒಳಗೆ ನಿಂತರೆ ತನ್ನ ಉಸಿರೇ ಪಕ್ಕದವರದ್ದೇನೋ ಅನ್ನಿಸುವಷ್ಟು ನಿಶ್ಶಬ್ದ. ಮೊದಲ ಕಂತಿನಲ್ಲಿ ತಗಡುಮರಿ ಗಣಿಯೊಳಗೆ ಬಿದ್ದು, ಮೇಲಿರುವ ಮಕ್ಕಳಿಗೆ ಧೈರ್ಯ ಹೇಳಬೇಕು: "ಹೆದರ್ಬೇಡಿ, ನನ್ನ ದೀಪ ಇನ್ನೂ ಉರೀತಿದೆ." ಗುಬ್ಬಿ "ಹೆದರ್ಬೇಡಿ" ಅಂದಳು. ಮುಂದಿನ ಮಾತು ಹೊರಡಲೇ ಇಲ್ಲ.

ಗಾಜಿನಾಚೆಯಿಂದ ಸೌಂಡ್ ಇಂಜಿನಿಯರ್ ಹೆಬ್ಬೆರಳೆತ್ತಿದರು. "ಸೂಪರ್ ಮೇಡಂ!"

"ನಾನು ಮಾತೇ ಮುಗಿಸ್ಲಿಲ್ವಲ್ಲ ಸರ್?"

ಅವರು ಹಾಕಿ ಕೇಳಿಸಿದರು. ಮಾತು ಪೂರ್ತಿ ಇತ್ತು. "ದೀಪ" ಅನ್ನುವ ಮುಂಚೆ ಪುಟ್ಟದೊಂದು ಉಸಿರು ನುಂಗಿದ ಸದ್ದೂ ಇತ್ತು. ಅದು ಅಕ್ಕನ ಅಭ್ಯಾಸ.

ಹಳೆಯದೇನೋ ಬೆರೆತಿರಬೇಕು ಅಂತ ಇಂಜಿನಿಯರ್ ಹಳೆ ಕಂತುಗಳನ್ನೆಲ್ಲ ಜಾಲಾಡಿದರು. ಎಲ್ಲಿಂದ ಸಿಗಬೇಕು? ಆ ಮಾತು ಬರೆದದ್ದೇ ಅಕ್ಕ ಹೋದ ಮೇಲೆ. ಅಂದಿನಿಂದ ಅವರು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟುಕೊಂಡೇ ಕೆಲಸ ಮಾಡತೊಡಗಿದರು.

ಗುಬ್ಬಿ ತಡವರಿಸಿದಾಗಲೆಲ್ಲ ಹೀಗೇ ಆಯಿತು. ಬಿಟ್ಟ ಮಾತನ್ನು ಯಾರೋ ಎತ್ತಿಕೊಂಡು ಮುಗಿಸುತ್ತಿದ್ದರು. ಮೊದಮೊದಲು ಹೆದರಿಕೆ, ಆಮೇಲೆ ಅದೇ ಆಸೆ. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋದ ಮಾತನ್ನೂ ಮೈಕಿನ ಮುಂದೆ ಅರ್ಧಕ್ಕೇ ಬಿಡತೊಡಗಿದಳು. ಬಿಟ್ಟು, ಕಣ್ಣು ಮುಚ್ಚಿ ಕಾಯುವಳು.

ಒಂದು ಮಧ್ಯಾಹ್ನ ಹಾಗೆ ಕಾಯುತ್ತಿದ್ದಾಗ ಇಂಜಿನಿಯರ್ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದರು.

"ಮೇಡಂ... ಗುಬ್ಬಿ ಅಂದ್ರೆ ಯಾರು?"

ಅವಳು ಓಡಿಬಂದು ಹೆಡ್‌ಫೋನ್ ಹಾಕಿಕೊಂಡಳು. ನಾಯಿಯ ದನಿಯಲ್ಲ, ಅಡುಗೆಮನೆಯಿಂದ ಗದರುವ ಅಕ್ಕನ ಖಾಸಾ ದನಿ: "ಬೇಕಂತ್ಲೇ ತಪ್ಪು ಮಾಡ್ತಿದೀಯಲ್ಲೇ ಗುಬ್ಬಿ. ಎಷ್ಟು ಸಲ ಅಂತ ಬರ್ಲಿ? ನಂಗೂ ಸಾಕಾಗುತ್ತೆ ಕಣೇ. ನೀನೇ ಹೇಳು."

ಗುಬ್ಬಿ ಹೆಡ್‌ಫೋನ್ ತೆಗೆದಿಟ್ಟಳು. ಆಮೇಲೆ ಮುಖ ತೊಳೆದು ಬಂದು, ಬಿಟ್ಟ ಮಾತನ್ನು ಪೂರ್ತಿ ಹೇಳಿದಳು. ಅಂದಿನಿಂದ ಅವಳ ತಪ್ಪು ಬರೀ ತಪ್ಪಾಗಿ ಉಳಿಯಿತು, ಯಾರೂ ತಿದ್ದಲಿಲ್ಲ.

ಆ ಗದರಿಕೆಯನ್ನು ಇಂಜಿನಿಯರ್ ಅಳಿಸಿಹಾಕಿದರು. ಅಕ್ಕ ಮುಗಿಸಿಕೊಟ್ಟ ಮಿಕ್ಕ ಮಾತುಗಳನ್ನು ತೆಗೆದರೆ ಕಂತೇ ಇರುವುದಿಲ್ಲವಲ್ಲ, ಹಾಗೇ ಬಿಟ್ಟರು. ನಡೆದದ್ದನ್ನು ಇಬ್ಬರೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಧಾರಾವಾಹಿ ಶುರುವಾದ ಸಂಜೆ ಅಕ್ಕನ ಮಗಳು ಟೀವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ತಗಡುಮರಿ ಬಾಯಿ ತೆರೆದಾಗಲೆಲ್ಲ ಬೆರಳು ತೋರಿಸಿದಳು.

"ಇದು ನೀನು ಚಿಕ್ಕಮ್ಮ. ಇದೂ ನೀನೇ." ನಾಯಿ ಗಣಿಗೆ ಬಿತ್ತು. "ಇದು ಅಮ್ಮ."

ಗುಬ್ಬಿ ಅವಳನ್ನು ತನ್ನತ್ತ ತಿರುಗಿಸಿಕೊಂಡಳು. "ನಿಂಗೆ ಯಾರೇ ಹೇಳಿದ್ದು?"

"ಹೇಳ್ಬೇಕಾ? ಗೊತ್ತಾಗಲ್ವಾ?" ಅಂದ ಹುಡುಗಿ ಮುಂದಕ್ಕೆ ಜರುಗಿ, ಕಿವಿಯನ್ನು ಟೀವಿಗೇ ಆನಿಸಿ ಕೂತಳು.