ಹಾಫ್‌ಟೈಮಿಗೆ ಬರುತ್ತಿದ್ದ ಮಲ್ಲು

ಕೊರೊನಾ ಕಳೆದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದೆ. ಹೆಸರು ದೊಡ್ಡದು, ಕೆಲಸವೆಂದರೆ ಸೀಟಿ ಊದುವುದು, ಚೆಂಡಿಗೆ ಗಾಳಿ ಹಾಕುವುದು, ಉಳಿದ ಹೊತ್ತು ಚಿಂತೆ ಮಾಡುವುದು. ಒಂದು ಸೀಟಿ ಕೈಕೊಟ್ಟರೆ ಎಂದು ಇನ್ನೊಂದು, ಅದೂ ಕೈಕೊಟ್ಟರೆ ಎಂದು ಮೂರನೆಯದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವನು ನಾನು.

ಆಗ ಬಿ.ಎ. ಎರಡನೆಯ ವರ್ಷದಲ್ಲಿ ಮಲ್ಲು ಇದ್ದ. ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುವ ಶಾಂತವ್ವನ ಮಗ. ಎಡಗಾಲಿನ ಫುಟ್‌ಬಾಲ್ ಆಟಗಾರ. ನಮ್ಮ ಎರಿಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಿರುಕುಬಿಟ್ಟು ಚೆಂಡು ಎತ್ತೆತ್ತಲೋ ಪುಟಿಯುತ್ತಿತ್ತು. ಅವನ ಕಾಲಿಗೆ ಬಂದರೆ ಮಾತ್ರ ಸಾಕಿದ ಬೆಕ್ಕಿನಂತೆ ಅಲ್ಲೇ ಕೂತುಬಿಡುತ್ತಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಅಂಥ ಕಾಲು ನಾನು ಮತ್ತೊಂದು ಕಂಡಿಲ್ಲ.

ಆದರೆ ಬೆಳಗಿನ ಆರು ಗಂಟೆಯ ಅಭ್ಯಾಸಕ್ಕೆ ಆ ಕಾಲು ಬರುತ್ತಿರಲಿಲ್ಲ. "ನಿನ್ನೆ ಮುದ್ದೇಬಿಹಾಳದಾಗ ಮ್ಯಾಚ್ ಇತ್ರಿ ಸರ್," ಅನ್ನುತ್ತಿದ್ದ. ನಮ್ಮ ಕಡೆ ಊರೂರಿನ ಪಂದ್ಯಾವಳಿಗೆ ಹೊರಗಿನ ಒಬ್ಬ ಆಟಗಾರನನ್ನು ಕರೆಸಿಕೊಳ್ಳುವ ರೂಢಿ. ಮಲ್ಲು ಅದನ್ನೂ ಮೀರಿಸಿದ್ದ: ಮೊದಲರ್ಧ ಆಡುತ್ತಲೇ ಇರಲಿಲ್ಲ. ಹಾಫ್‌ಟೈಮಿಗೆ ಬೈಕಿನ ಮೇಲೆ ಬರುತ್ತಿದ್ದ. ಮೈಕಿನವನು, "ಬಂದ್ರಪಾ ಬಂದ್ರು, ಸಿಂದಗಿ ಹುಲಿ ಬಂದ್ರು!" ಎಂದು ಕೂಗುತ್ತಿದ್ದ. ಗೋಲು ಹೊಡೆದರೆ ಹುಡುಗರು ಒಳಗೆ ನುಗ್ಗಿ ಅವನನ್ನು ಹೆಗಲ ಮೇಲೆ ಹೊತ್ತು ಒಂದು ಸುತ್ತು ತಿರುಗಿಸುತ್ತಿದ್ದರು. ಅಲ್ಲಿಯವರೆಗೆ ಆಟ ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ಅವನಿಗೆ ಉಸಿರು ಮರಳುತ್ತಿತ್ತು ಎಂಬುದನ್ನು ಯಾರೂ ಗಮನಿಸುತ್ತಿರಲಿಲ್ಲ.

"ಓಡೋದ ಕಲಿಯೋ," ಅಂದರೆ, "ಚೆಂಡ ತಾನ ನನ್ನ ಕಡೆ ಬರ್ತೈತ್ರಿ ಸರ್, ನಾ ಯಾಕ ಓಡ್ಲಿ?" ಅನ್ನುತ್ತಿದ್ದ. ಸ್ಟಾಫ್ ರೂಮು ನಗುತ್ತಿತ್ತು. ನಾನೂ ಅರ್ಧ ನಗುತ್ತಿದ್ದೆ. ಉಳಿದರ್ಧವನ್ನು ಮನೆಗೆ ಒಯ್ದು ಚಿಂತಿಸುತ್ತಿದ್ದೆ.

ಚಳಿಗಾಲದಲ್ಲಿ ಬೆಂಗಳೂರಿನ ಒಂದು ಕ್ಲಬ್ ವಿಜಯಪುರದಲ್ಲಿ ಟ್ರಯಲ್ಸ್, ಅಂದರೆ ಆಯ್ಕೆ ಪಂದ್ಯ, ಏರ್ಪಡಿಸಿತು. ಆಯ್ಕೆಯಾದವರ ಊಟ, ವಸತಿ, ತರಬೇತಿ ಕ್ಲಬ್ಬಿನದು. ವಯಸ್ಸಿನ ಮಿತಿ ಇತ್ತು. ಮಲ್ಲುವಿಗೆ ಅದೇ ಮೊದಲು, ಅದೇ ಕೊನೆ. ಶಾಂತವ್ವ ರೊಟ್ಟಿ ಬಡಿಯುತ್ತಲೇ ಅಂದಳು: "ಈ ಒಲಿ ಮುಂದ ನನ್ನ ಜನ್ಮ ಹೋತ್ರಿ ಸರ್. ಅವನರ ಪಾರಾಗ್ಲಿ. ನೀವ ಕರ್ಕೊಂಡ ಹೋಗ್ರಿ."

ಆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಾನಿದ್ದೆ, ನನ್ನ ಮೂರು ಸೀಟಿಗಳಿದ್ದವು, ಅವನ ಬೂಟಿಗೆಂದು ಎರಡು ಜೊತೆ ಲೇಸುಗಳಿದ್ದವು. ಮಲ್ಲು ಇರಲಿಲ್ಲ. ಕೊನೆಗೆ ಫೋನಿಗೆ ಸಿಕ್ಕ.

"ಮನಗೂಳ್ಯಾಗ ಅದೀನ್ರಿ ಸರ್. ನಿನ್ನೆ ಫೈನಲ್ ಇತ್ತು, ಊಟಾ ಮಾಡಿ ಮಲ್ಕೊ ಅಂದ್ರು. ನೀವು ನಡೀರಿ, ನಾ ಸೀದಾ ಅಲ್ಲೇ ಬರ್ತೇನಿ."

ಬಂದ. ಹಾಫ್‌ಟೈಮಿಗೆ. ಹಿಂದೆ ಮೂರು ಬೈಕು ಗೆಳೆಯರು.

ನಾನು ಕೈಮುಗಿದು ನಿಂತದ್ದನ್ನು ನೋಡಲಾರದೆ ಆಯ್ಕೆಗಾರರು ಅವನನ್ನು ಎರಡನೆಯ ಅರ್ಧಕ್ಕೆ ಇಳಿಸಿದರು. ಮೂರನೆಯ ಸಲ ಚೆಂಡು ಮುಟ್ಟಿದಾಗಲೇ ಗೋಲು. ಇಬ್ಬರನ್ನು ದಾಟಿದ, ಗೋಲ್‌ಕೀಪರ್ ಎಡಕ್ಕೆ ಬಿದ್ದ ಮೇಲೆ ಬಲಕ್ಕೆ ನಿಧಾನವಾಗಿ ಉರುಳಿಸಿದ. ಆಯ್ಕೆಗಾರರು ಕುರ್ಚಿಯಿಂದ ಎದ್ದು ನಿಂತರು. ಹುಟ್ಟಿದಾಗಿನಿಂದ ಮೊದಲ ಬಾರಿ ನಾನು ಚಿಂತೆ ಬಿಟ್ಟೆ.

ಅಷ್ಟರಲ್ಲಿ ಗೆಳೆಯರು ಮೈದಾನಕ್ಕೆ ನುಗ್ಗಿದರು. ಊರ ರೂಢಿ! ಅವನನ್ನು ಹೆಗಲಿಗೇರಿಸಿ ತಿರುಗಿಸತೊಡಗಿದರು. ರೆಫರಿ ಸೀಟಿ ಊದುತ್ತಲೇ ಇದ್ದ. "ಇಳಿಯೋ ಖೋಡಿ!" ಎಂದು ಚೀರಿದೆ. ಮಲ್ಲು ನನಗೂ ಕೈ ಬೀಸಿದ.

ಆಟ ಮತ್ತೆ ಶುರುವಾದಾಗ ಎದುರಿನವರು ಪ್ರೆಸ್ಸಿಂಗ್‌ಗೆ ಇಳಿದರು. ಚೆಂಡು ಇದ್ದವನ ಮೈಮೇಲೆ ಬಿದ್ದು ಉಸಿರಾಡಲು ಬಿಡದ ಆಟ ಅದು. ಸ್ವಲ್ಪ ಹೊತ್ತಿಗೇ ಮಲ್ಲು ಮೊಣಕಾಲಿಗೆ ಕೈಯೂರಿ ನಿಂತ. ಆಮೇಲೆ ಅಂಚಿಗೆ ಬಂದು ಮನಗೂಳಿಯ ಊಟವನ್ನೆಲ್ಲ ಕಾರಿಕೊಂಡ.

ಹಿರಿಯ ಆಯ್ಕೆಗಾರರು ನನ್ನನ್ನು ಪಕ್ಕಕ್ಕೆ ಕರೆದರು. "ಚೆಂಡು ಕಾಲಿಗೆ ಬಂದಾಗ ಇವನಂಥ ಆಟಗಾರ ಇಲ್ಲಿ ಇನ್ನೊಬ್ಬನಿಲ್ಲ ಸರ್. ಚೆಂಡು ಹೋದ ಮೇಲೆ ಇವನೇ ಇರಲ್ಲ." ಹೊರ್ತಿಯ ಒಬ್ಬ ಸಾಧಾರಣ ಹುಡುಗನನ್ನು ಆರಿಸಿದರು. ಅವನು ಕೊನೆಯ ಸೀಟಿಯವರೆಗೂ ಓಡಿದ್ದ.

ಸಂಜೆ ಖಾನಾವಳಿಗೆ ನಾನೊಬ್ಬನೇ ಹೋದೆ. ಶಾಂತವ್ವ ನನ್ನ ಮುಖ ನೋಡಿ ಹಿಟ್ಟಿನ ಕೈಯಲ್ಲೇ ಎದ್ದಳು.

"ಕಾಲ ಮುರ್ಕೊಂಡನೇನ್ರಿ?"

"ಇಲ್ಲವಾ. ಕಾಲು ಚಲೋ ಐತಿ."

"ಮತ್ತ ಯಾಕ ತಗೊಳ್ಳಿಲ್ರಿ?"

"ಓಡಾಕ ಆಗ್ಲಿಲ್ಲವಾ," ಅಂದೆ. ಅವಳು ಮತ್ತೆ ಒಲೆಯ ಮುಂದೆ ಕೂತು ಅಂದಳು: "ಮುರದಿದ್ರ ಮಂದಿಗೆ ಹೇಳಾಕರ ಬರ್ತಿತ್ರಿ."

ಹೋದ ತಿಂಗಳು ಬಸವನ ಬಾಗೇವಾಡಿಯ ಪಂದ್ಯಾವಳಿಗೆ ರೆಫರಿಯಾಗಿ ಹೋಗಿದ್ದೆ. ಹಾಫ್‌ಟೈಮಿಗೆ ಮೈಕು ಅದೇ ಹುಲಿಯನ್ನು ಕೂಗಿತು. ಜರ್ಸಿ ಹೊಟ್ಟೆಯ ಮೇಲೆ ಬಿಗಿದಿತ್ತು. ನಿಂತಲ್ಲಿಂದಲೇ ಒಂದು ಗೋಲು ಹೊಡೆದ. ಹೊರುವ ಹುಡುಗರು ಹೊಸಬರು. ಎತ್ತಲು ಸ್ವಲ್ಪ ತಿಣುಕಿದರು. ಮೇಲಿನಿಂದ ನನ್ನನ್ನು ಕಂಡು, "ಸರ್, ಕಾಲು ಇನ್ನೂ ಐತ್ರಿ!" ಎಂದು ಕೂಗಿದ.

ಐತಿ. ಸಂಕಟವೇ ಅದು.

ನೌಕರಿ ನನಗೆ ಕಲಿಸಿದ್ದು ಇಷ್ಟು: ಅಂಥ ಕಾಲನ್ನು ಯಾವ ಮಾಸ್ತರನೂ ಕೊಡಲಾರ, ಹೊತ್ತಿಗೆ ಬರುವುದನ್ನು ಮಾತ್ರ ಕಲಿಸಬಲ್ಲ, ಅದೂ ಊರು ಮಾಸ್ತರನ ಮಾತು ನಡೆಯಗೊಟ್ಟರೆ. ಈಗ ನಾನು ಬೆಳಿಗ್ಗೆ ಸರಿಯಾಗಿ ಆರಕ್ಕೆ ಮೈದಾನದ ಗೇಟು ಹಾಕುತ್ತೇನೆ, ತಡವಾಗಿ ಯಾರು ಬಂದರೂ ತೆಗೆಯುವುದಿಲ್ಲ. ಹಾಕಿದ ಮೇಲೆ ಮಾತ್ರ, ಹೊರಗೆ ಎಡಗಾಲಿನವನು ಯಾವನಾದರೂ ನಿಂತಿದ್ದಾನೋ ಎಂದು ಎರಡು ಸಲ ಹೋಗಿ ಇಣುಕಿ ಬರುತ್ತೇನೆ.