ಇದು ಉಂಡು ಬಂದ ಕೊಬ್ಬಲ್ಲ

ನಮ್ಮ ನಾಗವ್ವತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಶತ್ರುವಿಗೂ ಬೇಡ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾಳೆ, ಅದೂ ಅರ್ಧ. ಉಳಿದರ್ಧವನ್ನು ನಾವೇ ಅಗೆದು ತೆಗೆಯಬೇಕು. ನಾನು ಬಂಕಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬಾಯಿ ಬಿಡದ ಮಕ್ಕಳಿಂದ ಉತ್ತರ ಹೊರಡಿಸುವುದೇ ನನ್ನ ಕಸುಬು. ಈ ಅತ್ತೆಯ ಮುಂದೆ ಮಾತ್ರ ಆ ಕಸುಬು ನಡೆಯಲಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಸವಣೂರಿನ ಪೇಟೆಯಲ್ಲಿ ಅವಳದು ಎಲೆ ಅಂಗಡಿ. ಮೊದಲು ನಮ್ಮಜ್ಜಿ ಕೂರುತ್ತಿದ್ದಳು, ಅಜ್ಜಿ ಹೋದ ಮೇಲೆ ಇವಳಿಗೆ ಬಂತು. ಸೊಂಟದೆತ್ತರದ ಕಟ್ಟೆ, ಹತ್ತಲು ಒಂದು ಕಲ್ಲು, ಹಿಡಿದುಕೊಳ್ಳಲು ಜಂತಿಗೆ ಕಟ್ಟಿದ ಹಗ್ಗ. ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟುಗಳ ನಡುವೆ ಅತ್ತೆ ಬೆಳಗಿನಿಂದ ಕೂತಿರುತ್ತಾಳೆ. ಹಾನಗಲ್ಲು, ಹಿರೇಕೆರೂರು ಕಡೆಯ ಮದುವೆ ಮನೆಯವರು ಸವಣೂರಿನ ಎಲೆ ಬೇಕೆಂದರೆ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಅಲ್ಲಿ ಕೂತಾಗ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಅತ್ತೆಯೂ ಅಲ್ಲ. ಎಲೆ ನಾಗವ್ವ.

ತೊಂದರೆ ಇದ್ದದ್ದು ಕಾಲಿನಲ್ಲಿ. ಸೊಂಟದ ಮೇಲೆ ಅವಳು ಸಾಧಾರಣ ಮೈಕಟ್ಟಿನ ಹೆಂಗಸು, ಕೆಳಗೆ ಬೇರೆ ಯಾರದೋ ಕಾಲು ತಂದು ಜೋಡಿಸಿದ ಹಾಗೆ. ತೊಡೆಯಿಂದ ಕಣಕಾಲಿನವರೆಗೆ ದಪ್ಪ, ಪಾದ ಮಾತ್ರ ಸಣ್ಣದು. ಸ್ವಲ್ಪ ಒತ್ತಿದರೂ ನೋವು, ಏನಾದರೂ ತಾಗಿದರೆ ವಾರಗಟ್ಟಲೆ ಕಪ್ಪು ಕಲೆ. ಇದಕ್ಕೆ ನಮ್ಮ ಬಳಗದಲ್ಲಿ ಔಷಧಿ ಹೇಳದವರು ಯಾರೂ ಇಲ್ಲ. ಅನ್ನ ಬಿಡು ಎಂದರು, ಜೀರಿಗೆ ನೀರು ಕುಡಿ ಎಂದರು. ಮದುವೆಯ ಪಂಕ್ತಿಯಲ್ಲಿ ಕೂತರೆ ಬಡಿಸುವವರಿಗೆ ಯಾರಾದರೂ ದೂರದಿಂದಲೇ ಕೂಗುತ್ತಿದ್ದರು, "ನಾಗವ್ವಗ ಹೋಳಿಗಿ ಒಂದ ಸಾಕ್ರೆಪಾ!" ಎಲ್ಲರೂ ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದಳು. ಆ ನಗು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹೋದ ವರ್ಷ ಅವಳಿಗೆ ಕಟ್ಟೆ ಹತ್ತುವುದೇ ಕಷ್ಟವಾಯಿತು. ಅವಳ ಗಂಡ ಕುಬೇರಪ್ಪ ಮಾವ ಇದಕ್ಕೇ ಕಾದಿದ್ದವರಂತೆ ತೀರ್ಪು ಕೊಟ್ಟೇಬಿಟ್ಟರು. "ದೀಪಾವಳಿ ಮುಗೀಲಿ, ಅಂಗಡ್ಯಾಗ ರುದ್ರೇಶ ಕುಂದ್ರತಾನ. ನೀ ಮನ್ಯಾಗ ಕುಂದ್ರು." ರುದ್ರೇಶ ಅವರ ತಮ್ಮನ ಮಗ. ಎಳೆ ಎಲೆಗೂ ಬಲಿತ ಎಲೆಗೂ ವ್ಯತ್ಯಾಸ ತಿಳಿಯದ ಹುಡುಗ. ಅತ್ತೆ ಮರುದಿನ ನನಗೆ ಫೋನ್ ಮಾಡಿದಳು. "ನೇತ್ರಾ, ನನಗ ಕಾಲು ಬೇಕವಾ." ಅಷ್ಟೇ ಅಂದು ಇಟ್ಟಳು.

ಹುಬ್ಬಳ್ಳಿಯ ಡಾಕ್ಟರ್ ಗುಲ್ನಾಜ ಅವಳ ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಅತ್ತೆ ಚೀರಿದಳು. "ಇದು ಉಂಡು ಬಂದ ಕೊಬ್ಬಲ್ರಿ ನಾಗವ್ವಾರ. ಇದೊಂದು ಜಡ್ಡು. ನೀವು ಎಷ್ಟ ಉಪಾಸ ಬಿದ್ರೂ ಇದು ಕರಗಂಗಿಲ್ಲ," ಎಂದರು.

"ಇನ್ನೊಮ್ಮೆ ಹೇಳ್ರಿ," ಎಂದಳು ಅತ್ತೆ.

ಅವರು ಇನ್ನೊಮ್ಮೆ ಹೇಳಿದರು.

"ನಮ್ಮ ಮನಿಯವರಿಗೆ ಫೋನಿನ್ಯಾಗ ಹೇಳ್ತೀರೇನ್ರಿ?"

ಅದನ್ನೂ ಹೇಳಿದರು. ಆ ಕಡೆಯಿಂದ ಮಾವ "ಹೌದೇನ್ರಿ" ಎಂದದ್ದು ನನಗೂ ಕೇಳಿಸಿತು.

ಆಮೇಲೆ ಡಾಕ್ಟರು ಸಾವಕಾಶವಾಗಿ ಎಲ್ಲ ಬಿಡಿಸಿ ಹೇಳಿದರು. ಸಣ್ಣ ಕೊಳವೆ ಹಾಕಿ ಕೊಬ್ಬು ಎಳೆದು ತೆಗೆಯುವ ಲೈಪೊಸಕ್ಷನ್ ಮಾಡಿದರೆ ನೋವು, ಭಾರ ಕಡಿಮೆಯಾಗಬಹುದು. ತೆಳ್ಳಗಾಗುವ ಆಪರೇಷನ್ ಅಲ್ಲ, ತೂಕ ಇಳಿಯುತ್ತದೆಂಬ ಆಸೆ ಬೇಡ. ಒಂದೇ ಸಲಕ್ಕೆ ಎಲ್ಲ ತೆಗೆಯಲು ಬರುವುದಿಲ್ಲ. ಆಮೇಲೆ ವಾರಗಟ್ಟಲೆ ಬಿಗಿಯಾದ ಕಾಲುಚೀಲ ಹಾಕಬೇಕು, ಬಾವು ಇಳಿಯಲು ತಿಂಗಳುಗಳೇ ಬೇಕು. ಹಾಗಂತ ಮಲಗಿಬಿಟ್ಟರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೇಗ ಎದ್ದು ಅಡ್ಡಾಡಬೇಕು. ತೆಗೆದುಕೊಳ್ಳುವ ಗುಳಿಗೆ, ನಾಟಿ ಔಷಧಿ ಏನೇ ಇದ್ದರೂ ಮುಚ್ಚಿಡಬಾರದು. ನಾನು ತಲೆಯಾಡಿಸಿದೆ. ಅತ್ತೆಯೂ ಆಡಿಸಿದಳು.

"ಬೀಡಿ, ಗುಟ್ಕಾ, ತಂಬಾಕು ಅಂತ ಚಟ ಏನರ ಅದಾವೇನ್ರಿ?"

"ಶಿವಶಿವಾ! ಕೊಳ್ಳಾಗ ಲಿಂಗ ಕಟ್ಕೊಂಡಾಕಿ ನಾನು. ಚಟ ಎಲ್ಲಿದ್ರಿ?"

ಡಾಕ್ಟರು ಅವಳ ಹಲ್ಲು ನೋಡಿದರು. "ಎಲಿ ಹಾಕ್ಕೋತೀರಿ?"

"ಎಲಿ ಮಾರಾಕಿ, ಹಾಕ್ಕೊಳ್ಳದ ಇರ್ತೇನೇನ್ರಿ?"

ಡಾಕ್ಟರು ನಕ್ಕರು, ನಾನೂ ನಕ್ಕೆ. ಮಾತು ಅಲ್ಲಿಗೆ ಮುಗಿಯಿತು.

ಸುದ್ದಿ ನಾವು ಊರು ಮುಟ್ಟುವ ಮೊದಲೇ ಊರು ಮುಟ್ಟಿತ್ತು. ಈ ವಯಸ್ಸಿನಲ್ಲಿ ನಾಗವ್ವನಿಗೆ ಸಿನಿಮಾದವಳ ಸೊಂಟ ಬೇಕಂತೆ ಎಂದು ಆಡಿಕೊಂಡರು. ಹಾಗೆ ಆಡಿಕೊಂಡವಳೇ ಒಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, ತನ್ನ ಹೊಟ್ಟೆಯನ್ನೂ ಒಂದಿಷ್ಟು ತೆಗೆಯುತ್ತಾರೇನು ಕೇಳು ಎಂದಳು. ಇದು ಜಡ್ಡಿಗೆ ಮಾಡುವುದು, ಅಲಂಕಾರಕ್ಕಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಹರಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಆಪರೇಷನ್ ದಿನ ಬಂತು. ಹಿಂದಿನ ರಾತ್ರಿಯಿಂದ ಅನ್ನ, ನೀರು ಏನೂ ಮುಟ್ಟಬಾರದು ಎಂದಿದ್ದರು. ಮಾವ ಬೆಳಿಗ್ಗೆ ಕಾರು ತಂದರು. ನಾನು ಶಿಗ್ಗಾಂವಿಯಲ್ಲಿ ಹತ್ತಿದೆ. ತಡಸ ದಾಟುವಾಗ ಕೇಳಿದೆ, "ಏನೂ ತಿಂದಿಲ್ಲ ಹೌದಿಲ್ಲೋ ಅತ್ತಿ?" ಅತ್ತೆ ಬಾಯಿ ಮುಚ್ಚಿಕೊಂಡೇ ಊಹೂಂ ಎಂದು ತಲೆಯಾಡಿಸಿದಳು. ಪಾಪ, ಹೆದರಿದ್ದಾಳೆ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಹಸಿರು ಗೌನು ತೊಡಿಸಿದರು. ಅರಿವಳಿಕೆ ಕೊಡುವ ಡಾಕ್ಟರು ಬಂದು ಬಾಯಿ ತೆರೆಯಿರಿ ಎಂದರು. ತೆರೆಯಲಿಲ್ಲ. ಇನ್ನೊಮ್ಮೆ ಗದರಿದ ಮೇಲೆ ತೆರೆದಳು. ಎಡದವಡೆಯಲ್ಲಿ ಎಲೆ, ಅಡಿಕೆ, ಸುಣ್ಣ, ಅದರ ನಡುವೆ ತಂಬಾಕಿನ ಎಸಳು.

"ನಾ ಏನೂ ತಿಂದಿಲ್ರಿ!" ಎಂದಳು ಅತ್ತೆ. "ಎಲಿ ಹಾಕ್ಕೊಂಡೇನಿ ಅಷ್ಟ. ನುಂಗಿಲ್ಲ."

ನಾನು ಹಣೆ ಚಚ್ಚಿಕೊಂಡೆ. ತಪ್ಪು ಹಿಡಿಯಲೂ ಬರುವಂತಿರಲಿಲ್ಲ. ನಮ್ಮ ಕಡೆ ಎಲೆ ಹಾಕುವುದು ತಿನ್ನುವುದರಲ್ಲಿ ಬರುವುದಿಲ್ಲ, ಚಟದಲ್ಲೂ ಬರುವುದಿಲ್ಲ. ಬಂದವರಿಗೆ ಕೊಡುವ ಮರ್ಯಾದೆ ಅದು. ಒಳಗೆ ತಂಬಾಕು ಬಿದ್ದರೂ ಹೆಸರು ಎಲೆಯದೇ. ಸೋಮವಾರ ನೀರೂ ಮುಟ್ಟದೆ ಉಪವಾಸ ಮಾಡುವಾಗಲೂ ಅತ್ತೆಯ ದವಡೆಯಲ್ಲಿ ಎಲೆ ಇರುತ್ತಿತ್ತು, ಶಿವನೂ ತಕರಾರು ತೆಗೆದಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಆ ಕೆಂಪು ಬಾಯಿ ನನಗೆ ಅವಳ ವಿಭೂತಿಯಷ್ಟೇ ಸಹಜವಾಗಿತ್ತು.

ಡಾಕ್ಟರ್ ಗುಲ್ನಾಜ ಬಂದವರೇ ಸಿಟ್ಟಾದರು. "ನಿದ್ದಿ ಔಷಧ ಕೊಟ್ಟಾಗ ಅದು ಉಸಿರಿನ ನಳಿಗ್ಯಾಗ ಇಳಿದಿದ್ರ? ಜೀವ ಹೋಗತಿತ್ರಿ! ಅದೂ ತಂಬಾಕು. ಅದು ರಕ್ತನಾಳ ಬಿಗಿ ಹಿಡೀತೈತಿ, ಗಾಯ ಮಾಯಂಗಿಲ್ಲ, ಚರ್ಮ ಕರ್ರಗಾಗಿ ಸಾಯತೈತಿ. ನಾಕು ವಾರ ಒಂದ ಎಸಳೂ ಬಾಯಾಗ ಹೋಗಬಾರದು. ಆಮ್ಯಾಲೆ ನೋಡೂಣು."

ಮಾವ ಹೊರಗೆ ಬಂದು, "ನಾ ಹೇಳಿದ್ದಿಲ್ಲೇನು? ಇಕಿ ಕಡೆ ಆಗಂಗಿಲ್ಲ. ರುದ್ರೇಶಗ ಹೇಳಿಬಿಡತೇನಿ," ಎಂದರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಅವರು ಕಾರು ತರಲು ಹೋದರು. ಬೆಂಚಿನ ಮೇಲೆ ಕೂತ ಅತ್ತೆಯ ಮೇಲೆ ನನ್ನ ಸಿಟ್ಟೆಲ್ಲ ಹೊರಬಿತ್ತು.

"ಚಟ ಇಲ್ಲ ಅಂತ ಸುಳ್ಳ ಹೇಳಿದಿ. ಮುಂಜಾನೆ ನಾ ಕೇಳಿದಾಗರ ಹೇಳಬಾರದಾಗಿತ್ತಾ? ಒಂದ ದಿನ ಬಿಟ್ಟಿರಾಕ ಆಗಲಿಲ್ಲೇನು ನಿನಗ? ಯಾಕ ಬೇಕಿತ್ತದು?"

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ, "ಅದನ್ನ ಹಾಕ್ಕೊಂಡ್ರ ಹಸಿವು ತಿಳಿಯಂಗಿಲ್ಲ," ಎಂದಳು.

"ಅಂದ್ರ?"

"ಲಗ್ನಾಗಿ ಬಂದ ವರ್ಷ ಅತ್ತಿಯವರು ಎಲ್ಲಾರ ಮುಂದ ಅಂದ್ರು, ಇಕಿ ಉಣ್ಣೂದೆಲ್ಲಾ ಕಾಲಿಗಿ ಹೊಕ್ಕತಿ ಅಂತ. ಅವತ್ತಿಂದ ಅರ್ಧ ರೊಟ್ಟಿ ಉಂಡು ಏಳತೇನಿ. ಸಂಕಟ ಆದ್ರ ತಂಬಾಕು ಹಾಕ್ಕೋತೇನಿ. ಚಟಕ್ಕ ಹಾಕ್ಕೊಂಡಿಲ್ಲವಾ ನಾ."

ಆ ಎಲೆ ನಾವೆಲ್ಲ ಸೇರಿ ಅವಳ ಬಾಯಿಗೆ ಇಟ್ಟದ್ದು. ಅಷ್ಟು ವರ್ಷ ಹಸಿದರೂ ಕಾಲು ಒಂದೆಳೆ ಸಣ್ಣಗಾಗಿರಲಿಲ್ಲ. ಆಗುವ ಹಾಗೂ ಇರಲಿಲ್ಲ. ಮಾವ ಕಾರು ತಂದು ಹಾರ್ನ್ ಒತ್ತುತ್ತಿದ್ದರು. ಒತ್ತಲಿ ಎಂದು ನಾನು ಅವಳ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

ಅತ್ತೆ ತಂಬಾಕು ಬಿಟ್ಟಳು. ಎಲೆಯ ರಾಶಿಯ ನಡುವೆ ಕೂತು ಬಿಡುವುದು ಹುಡುಗಾಟವಲ್ಲ. ತಲೆನೋವು, ನಿದ್ದೆಯಿಲ್ಲ, ಗಿರಾಕಿಗಳ ಮೇಲೆ ರೇಗಾಟ. ನನಗೆ ದಿನಾ ಫೋನು. "ನೇತ್ರಾ, ಹಸಿವಾಗಾಕತ್ತೈತಿ." "ಉಣ್ಣು ಅತ್ತಿ." "ನಿಮ್ಮ ಮಾಮಾ ನೋಡಾಕತ್ತಾರ." "ನೋಡ್ಲಿ ಬಿಡು!" ಪಾಠದ ನಡುವೆ ಹೀಗೆ ಒದರಿ ಮಕ್ಕಳೆದುರು ನಾನೇ ನಗೆಪಾಟಲಾದೆ.

ಎರಡನೆಯ ಸಲ ಅವಳ ದವಡೆ, ನಾಲಿಗೆ, ಸೆರಗಿನ ಗಂಟು ಎಲ್ಲ ನಾನೇ ತಪಾಸಣೆ ಮಾಡಿ ಒಳಗೆ ಕಳಿಸಿದೆ. ಮೊದಲ ಆಪರೇಷನ್ ಆಯಿತು. ಗಾಯ ಸರಿಯಾಗಿ ಮಾಯಿತು. ಇನ್ನೊಂದು ಬಾಕಿ ಇದೆ. ಬಿಗಿ ಕಾಲುಚೀಲ ಎಳೆದು ಹಾಕುವಾಗ ನಾನೂ ಅವಳೂ ದಿನಾ ಜಗಳವಾಡಿದೆವು. ಅತ್ತೆ ಮನೆಯಲ್ಲಿ ಉಳಿದದ್ದರಿಂದ ದೀಪಾವಳಿಗೆ ಮೊದಲೇ ಕಟ್ಟೆಯ ಮೇಲೆ ರುದ್ರೇಶ ಕೂತಿದ್ದ. ಬಲಿತ ಎಲೆ ಕೊಟ್ಟು ಎರಡು ಮದುವೆ ಮನೆಯವರಿಂದ ಬೈಸಿಕೊಂಡಿದ್ದ.

ಹಬ್ಬ ಮುಗಿದು ಒಂದು ಸೋಮವಾರ ಅತ್ತೆ ಅಂಗಡಿಗೆ ಹೋದಳು. ನಾನು ಜೊತೆಗಿದ್ದೆ. ಕಲ್ಲಿನ ಮೇಲೆ ಕಾಲಿಟ್ಟು, ಹಗ್ಗ ಹಿಡಿದು, ಮುಖ ಕಿವುಚದೆ ಹತ್ತಿದಳು. "ಏಳಪಾ," ಎಂದಳು. ರುದ್ರೇಶ ಎದ್ದ. ಕೆಳಗೆ ನಿಂತಿದ್ದ ಮಾವ ಅವನಿಗೆ ಕೂತಿರು ಎನ್ನಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಳು. ನಡುಪೇಟೆಯಲ್ಲಿ, ಎಲ್ಲರ ಕಣ್ಣೆದುರು. ಅವಳು ಹಾಗೆ ಕೂತು ಉಂಡದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಎಲೆ ಕೊಳ್ಳಲು ಬಂದ ಒಬ್ಬ ಹೆಂಗಸು ಅವಳ ಕಾಲು ನೋಡಿದಳು, ರೊಟ್ಟಿ ನೋಡಿದಳು. "ಅಯ್ಯ, ಇಷ್ಟ ದಪ್ಪ ಅದಾವಲ್ಲ ಇನ್ನೂ! ಆಪರೇಷನ್ ಮಾಡಿಸ್ಕೊಂಡಾಕಿ ಮತ್ತ ಎರಡೆರಡು ರೊಟ್ಟಿ ಯಾಕ ಉಣ್ಣಾಕತ್ತಿ ನಾಗವ್ವಾ?"

ನನಗೆ ಪಿತ್ತ ನೆತ್ತಿಗೇರಿತು. ಕಾಯಿಲೆ, ಕೊಳವೆ, ಕಾಲುಚೀಲ ಎಲ್ಲವನ್ನೂ ಮೊದಲಿನಿಂದ ಹೇಳಲು ಬಾಯಿ ತೆರೆದೆ. ಅತ್ತೆ ಕೈಯಿಂದಲೇ ನನ್ನನ್ನು ತಡೆದಳು. ಎಂದಿನಂತೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು.

"ಹಸಿವಾಗೇತಿ," ಎಂದು ಎರಡನೆಯ ರೊಟ್ಟಿ ಮುರಿದಳು.